ಏಳನೆಯ ಕಾಲಂ

ಏಳನೆಯ ಕಾಲಂ ಹಾಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕ್ರಮಸಂಖ್ಯೆ, ಹೆಸರು, ವಾರ್ಡು, ದವಾಖಾನೆ, ವರ್ಷ, ಬಾಕಿ, ಇಷ್ಟು ಆರು ಸಾಕಾಗಿದ್ದವು. ಏಳನೆಯದಾಗಿ ‘ಕಾರಣ’ ಎಂದು ಬರೆದು, ಅದರ ಕೆಳಗೆ ನಲವತ್ತೊಂದು ಮನೆಗಳ ಕಾಯಿಲೆಗಳನ್ನು ಒಂದೂ ತಪ್ಪದಂತೆ ತುಂಬಿದವಳು ಪಂಚಶೀಲಾಳೇ. ಗ್ರಾಮಸಭೆಯ ದಿನ ಬೆಳಿಗ್ಗೆ, ಬಚ್ಚಲ ಮುಂದಿನ ಪರ್ಸಿ ಕಲ್ಲಿನ ಮೇಲೆ ಕುಳಿತು ಮುಖ ತೊಳೆಯುತ್ತಿದ್ದಾಗ ಆ ಕಾಲಂ ಇಲ್ಲದ ಪಟ್ಟಿಯನ್ನು ಕಲ್ಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ವರ್ಷ ಬ್ಯೂರೆಟ್ಟಿನ ಅಳತೆಗೊಳವೆಯ ಗೆರೆಗೆ ಕಣ್ಣು ಸಮ ಮಾಡಿ ನಿಂತು ಕಲಿತದ್ದು ಒಂದೇ: ನೋಡಿದ್ದನ್ನು ಬರೆಯದಿದ್ದರೆ ಅದು ನಡೆದೇ ಇಲ್ಲ. ಬಾಕಿ ಇದೆ ಎಂದಾದರೆ ಅದಕ್ಕೊಂದು ಕಾರಣವಿರಬೇಕು. ಕಾರಣವಿದ್ದರೆ ಅದಕ್ಕೊಂದು ಜಾಗವಿರಬೇಕು. ಅಷ್ಟು ಯೋಚಿಸಿ ಗೆರೆ ಎಳೆದಿದ್ದಳು. ಆ ಗೆರೆಯ ಆಚೆಗೆ ಮನುಷ್ಯರು ಕುಳಿತು ಕೇಳಿಸಿಕೊಳ್ಳುತ್ತಾರೆ ಎಂಬುದು ಆಗ ಹೊಳೆದಿರಲಿಲ್ಲ. ಈಗ ಹೊಳೆದು, ನೀರಿನ ತಂಬಿಗೆ ಕೈಯಲ್ಲೇ ಉಳಿದಿತ್ತು.

“ಪಟ್ಟ್ಯಾಗ ನಮ್ಮ ಹೆಸರ ಬರದೀ ಇಲ್ಲೊ?” ಒಲೆಯ ಮುಂದಿನಿಂದ ತಾಯಿ ಮಾಳಮ್ಮ ಕೇಳಿದಳು. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

“ಬರದೇನಿ ಯವ್ವಾ.”

“ಎಷ್ಟನೇದು?”

“ಹದಿನೇಳನೇದು.”

ಎರಡೂ ಸುಳ್ಳು. ಹೆಸರು ಬರೆದಿರಲಿಲ್ಲ, ಹದಿನೇಳು ಬೇರೆಯವರದು. ಬೇರೆ ಯಾವ ಸಂಖ್ಯೆಯೂ ಬಾಯಿಗೆ ಬರದೆ ಅದೇ ಏಕೆ ಬಂತೆಂದು ಅವಳಿಗೆ ಗೊತ್ತಿತ್ತು. ಮೂರು ದಿನಗಳ ಹಿಂದೆ ಆ ಸಾಲನ್ನು ಬೆರಳಚ್ಚಿಸಿದಾಗಿನಿಂದ ಅದು ತಲೆಯೊಳಗೆ ಎಲ್ಲೋ ಸಿಕ್ಕಿಕೊಂಡು ಕುಳಿತಿತ್ತು. ಒಳಗೆ ರೊಟ್ಟಿಯ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಮಾಳಮ್ಮನಿಗೆ ಅಕ್ಷರ ಬಾರದು, ಎಣಿಕೆ ಬರುತ್ತದೆ; ಕೂಲಿಯ ದಿನಗಳನ್ನು ಅವಳು ಬೆರಳ ಗೆಣ್ಣುಗಳಲ್ಲೇ ತಿಂಗಳುಗಟ್ಟಲೆ ಇಟ್ಟುಕೊಳ್ಳಬಲ್ಲಳು. “ಹದಿನೇಳು,” ಎಂದು ಅವಳು ಗೆಣ್ಣಿಗೆ ಹೇಳಿಕೊಂಡದ್ದು ಪಂಚಶೀಲಾಳಿಗೆ ಕೇಳಿಸಿತು. “ಈ ಸರ್ತಿ ನಿನ್ನ ಮಾರ್ಕ್ಸ್ ಕಾರ್ಡ್ ಬರ್ತಾವ ನೋಡ. ಬಿಎಡ್‌ಗಿ ಅರ್ಜಿ ಹಾಕಿಯಂತ. ಆ ದವಾಖಾನಿ ಕಪಾಟಿನಾಗ ಎಷ್ಟಂತ ಕೊಳೀಬೇಕು ಅವು.”

ಮೂಲ ಅಂಕಪಟ್ಟಿಗಳು ಸೊಲ್ಲಾಪುರದ ಒಂದು ಖಾಸಗಿ ದವಾಖಾನೆಯ ಕಬ್ಬಿಣದ ಕಪಾಟಿನಲ್ಲಿದ್ದವು. ಮೂರು ವರ್ಷಗಳ ಹಿಂದೆ, ಪಂಚಾಯಿತಿಯ ನೀರು ಬಿಡುವ ಕೆಲಸದಲ್ಲಿದ್ದ ತಂದೆ ಹುಲೆಪ್ಪನಿಗೆ ಸೋಂಕು ರಕ್ತಕ್ಕೇರಿದಾಗ ಅಲ್ಲಿಗೆ ಒಯ್ದಿದ್ದರು. ಈ ಕಡೆಯ ಆರೋಗ್ಯ ಕಾರ್ಡು ಗಡಿಯ ಆ ಕಡೆ ನಡೆಯುವುದಿಲ್ಲ ಎಂದು ಕೌಂಟರಿನವನು ಮರಾಠಿಯಲ್ಲಿ ಹೇಳಿ ಕಾರ್ಡನ್ನು ಎರಡು ಬೆರಳಲ್ಲಿ ಹಿಂದಕ್ಕೆ ಸರಿಸಿದ್ದ. ಉಳಿದ ಬಾಕಿಗೆ ಒತ್ತೆಯಾಗಿ ಮನೆಯಲ್ಲಿ ಏನೂ ಇಲ್ಲದ್ದರಿಂದ, ಆಗಷ್ಟೇ ಕೈಗೆ ಬಂದಿದ್ದ ಬಿಎಸ್ಸಿ ಅಂಕಪಟ್ಟಿಗಳನ್ನು ಅವಳು ಕೊಟ್ಟು ಬಂದಿದ್ದಳು. ಇದು ಮಾಳಮ್ಮನಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು ಕಾಗದ. ಅದನ್ನು ಪಂಚಶೀಲಾ ಮೂರು ವರ್ಷಗಳಿಂದ ಮನೆಯಲ್ಲಿ ಬಿಡದೆ, ಹೆಗಲಚೀಲದ ಒಳಪದರದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಅಕ್ಷರ ಬಲ್ಲ ಯಾರಿಗಾದರೂ ತಾಯಿ ಅದನ್ನು ತೋರಿಸಿಬಿಟ್ಟರೆ ಎಂಬ ಭಯಕ್ಕೆ. ತಾಯಿ ನಂಬಿದ್ದು, ಊರಿಗೆಲ್ಲ ಹೇಳಿದ್ದು, ಬೌದ್ಧವಿಹಾರದ ಮುಂದಿನ ಕಟ್ಟೆಯಲ್ಲಿ ಇವತ್ತಿಗೂ ಹೇಳುವುದು ಒಂದೇ ಮಾತು: ಡಾಕ್ಟರು ಕೈಬಿಟ್ಟರು. ಬಿಟ್ಟಿರಲಿಲ್ಲ. ಇನ್ನೆರಡು ದಿನ ನೋಡೋಣ ಎಂದಿದ್ದರು. ದಿನಕ್ಕೆ ಹದಿನೆಂಟು ಸಾವಿರ. ಮಾಳಮ್ಮ ಹಣ ಕೇಳಲು ಹಿರೋಳ್ಳಿಯ ತಮ್ಮನ ಮನೆಗೆ ಹೋಗಿದ್ದಳು. ಎಕ್ಸ್‌ರೇ ಲಕೋಟೆಯ ಬೆನ್ನ ಮೇಲೆ ಪಂಚಶೀಲಾ ಹದಿನೆಂಟನ್ನು ಎರಡರಿಂದ ಗುಣಿಸಿ, ಕೈಯಲ್ಲಿದ್ದ ಏಳನ್ನು ಕಳೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆ ಚಿಹ್ನೆಯನ್ನು ಬಹಳ ಹೊತ್ತು ನೋಡಿ, ಕೆಳಗಿಳಿದು ಹೋಗಿ ಅಪ್ಪನನ್ನು ಕರೆದೊಯ್ಯುವ ಕಾಗದಕ್ಕೆ ಸಹಿ ಮಾಡಿದ್ದಳು. ಗಡಿ ದಾಟಿ ಇನ್ನೂ ಅರ್ಧ ತಾಸಾಗಿರಲಿಲ್ಲ, ಕ್ರೂಸರ್ ಗಾಡಿಯ ಹಿಂದಿನ ಸೀಟಿನಲ್ಲಿ ಅಪ್ಪನ ಕೈ ಅವಳ ಕೈಯೊಳಗೇ ತಣ್ಣಗಾಯಿತು. ಪಟ್ಟಿಗೆ ಹೆಸರು ಸೇರಿಸಿದರೆ ಆ ಕಾಗದವನ್ನು ದಾಖಲೆಯಾಗಿ ಲಗತ್ತಿಸಬೇಕು. ಏಳನೆಯ ಕಾಲಂನಲ್ಲಿ ಅದರ ಸಾರ ಬರೆಯಬೇಕು. ಬರೆದದ್ದನ್ನು ಸಭೆಯಲ್ಲಿ ಓದಬೇಕು. ಮನೆ ಕೊಡುವಾಗಲಿ, ಶೌಚಾಲಯ ಕೊಡುವಾಗಲಿ, ಹೊಲಿಗೆ ಯಂತ್ರ ಕೊಡುವಾಗಲಿ, ಫಲಾನುಭವಿಯ ಹೆಸರು ಊರ ಮುಂದೆ ಗಟ್ಟಿಯಾಗಿ ಓದಲ್ಪಟ್ಟಾಗಲೇ ಅದು ನಿಜ ಎಂಬುದು ಇಲ್ಲಿನ ಪದ್ಧತಿ. ಕಂಪ್ಯೂಟರಿನಲ್ಲಿ ಬಂದದ್ದನ್ನು ಇಲ್ಲಿ ಯಾರೂ ನಂಬುವುದಿಲ್ಲ.

ಒಂದೇ ರೊಟ್ಟಿ ತಿಂದಳು. ನೀರು ಕುಡಿದು ಹೊರಟಳು.

ಪಂಚಾಯಿತಿಗೆ ಹಣ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಊರ ಹೊರಗಿನ ದಿಬ್ಬದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಕಂಪನಿ ಐದು ವರ್ಷಗಳ ತೆರಿಗೆಯನ್ನು ಒಮ್ಮೆಗೇ ಕಟ್ಟಿತು. ಸದಸ್ಯರು ಗಟಾರ ಎಂದರು, ಕಮಾನು ಎಂದರು. ಅಧ್ಯಕ್ಷೆ ತುಳಜಾಬಾಯಿ ಸೆರಗು ಬಿಗಿದುಕೊಂಡು, “ಗಟಾರ ಮುಂದಿನ ವರ್ಷ ಕಟ್ಟಿದ್ರೂ ನಡೀತದ. ದವಾಖಾನಿ ಬಾಕಿ ಇಟ್ಟಕೊಂಡ ಮಂದಿ ಮುಖ ಮುಚ್ಚಿಕೊಂಡು ಅಡ್ಡಾಡಾಕತ್ತಾರ. ಪಂಚಾಯ್ತಿ ಕಟ್ಟಲಿ ಅದನ್ನ,” ಎಂದಿದ್ದಳು. ಪಟ್ಟಿ ಮಾಡುವ ಕೆಲಸ ಪಂಚಾಯಿತಿಯ ಗುತ್ತಿಗೆ ಕಂಪ್ಯೂಟರ್ ಆಪರೇಟರ್ ಆಗಿದ್ದ ಪಂಚಶೀಲಾಳಿಗೆ ಬಂತು. ಅವಳು ನಿಯಮ ಮಾಡಿಕೊಂಡಳು: ದವಾಖಾನೆಯ ಬಿಲ್ಲು ಇದ್ದರೆ ಮಾತ್ರ ಬಾಕಿ. ನಿಯಮ ಮಾಡಿದ ಎರಡನೆಯ ದಿನವೇ ಒಬ್ಬ ಮುದುಕಿ, ಸಂಘದಿಂದ ಹೊಲಿಗೆ ಯಂತ್ರಕ್ಕೆಂದು ತೆಗೆದ ಸಾಲದ ಚೀಟಿ ತೋರಿಸಿದಳು. ಮನೆಯಲ್ಲಿ ಹೊಲಿಗೆ ಯಂತ್ರವಿರಲಿಲ್ಲ. ಗಂಡನ ಎದೆಯಲ್ಲಿ ಸ್ಟೆಂಟು ಇತ್ತು. ಇನ್ನೊಬ್ಬನ ಎಮ್ಮೆಯ ಸಾಲ ಅವನ ಸೊಸೆಯ ಹೆರಿಗೆಯಾಗಿತ್ತು. ಊರಿನ ಕಾಯಿಲೆಗಳೆಲ್ಲ ಬೇರೆ ಬೇರೆ ವೇಷದಲ್ಲಿ ಕಾಗದಗಳೊಳಗೆ ಅಡಗಿ ಕುಳಿತಿದ್ದವು. ಇವು ಬರುವುದಿಲ್ಲ ಎಂದು ಅವಳು ಹೇಳಿದಳು. ಹೇಳುವಾಗ ದನಿ ಸ್ಪಷ್ಟವಾಗಿತ್ತು. ಮುದುಕಿ ಚೀಟಿಯನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗಿಟ್ಟುಕೊಂಡ ರೀತಿ ಮಾತ್ರ ಆಗಾಗ ಕಣ್ಣಿಗೆ ಕಟ್ಟಿ, ಅವಳ ಬೆರಳುಗಳು ಕೀಲಿಮಣೆಯ ಮೇಲೆ ತಡೆಯುತ್ತಿದ್ದವು.

ಪಂಚಾಯಿತಿಯ ಮೆಟ್ಟಿಲ ಮೇಲೆ ಗೌಸಿಯಾಬೇಗಂ ಕಾಯುತ್ತಿದ್ದಳು. ಬುರ್ಖಾದ ಮುಖಪರದೆ ಮೇಲಕ್ಕೆತ್ತಿದ್ದಳು. ಬೆವರು ಕೆನ್ನೆಯಿಂದ ಇಳಿಯುತ್ತಿತ್ತು. ಕ್ರಮಸಂಖ್ಯೆ ಹದಿನೇಳು ಅವಳದು.

“ಬೇಟಿ, ನನ್ನ ಹೆಸರ ತಗದಬಿಡ.”

“ಯಾಕ ಖಾಲಾ? ಬಾಕಿ ಅದ ಅಲ್ಲ?”

“ಬಾಕಿ ಅದ. ಪ್ರತಿ ತಿಂಗಳ ಆ ದವಾಖಾನಿ ಮನಷಾ ಬಂದು ಬಾಜಿನ ಮ್ಯಾಲ ಕುಂತು ಚಾ ಕುಡದ ಹೋಗ್ತಾನ. ಹೋಗ್ಲಿ, ಕುಡೀಲಿ. ಮಗಳು ಜಸ್ಮೀನಗ ಜೇವರ್ಗಿಯಿಂದ ನೋಡಿ ಹೋಗ್ಯಾರ. ಹುಡುಗನ ಕಾಕಾ ಇಲ್ಲೇ ಮಸೂತಿ ಬಾಜೂಕ ಸೈಕಲ್ ಅಂಗಡಿ ಇಟ್ಟಾನ. ಅವ ಇವತ್ತ ಸಭಾಕ್ಕ ಬರ್ತಾನ.” ದನಿ ತಗ್ಗಿಸಿದಳು. “ಏನಂತ ಬರದೀದಿ ಅದರಾಗ?”

ಪಂಚಶೀಲಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಕಲಬುರಗಿಯ ದವಾಖಾನೆಯ ಚೀಟಿಯಲ್ಲಿ ಇದ್ದದ್ದನ್ನೇ ಬರೆದಿದ್ದಳು: ಕ್ರಿಮಿನಾಶಕ ಸೇವನೆ, ಪ್ರಾಯ ಇಪ್ಪತ್ತು. ಊರಿಗೆ ಗೊತ್ತಿದ್ದದ್ದು ಜಸ್ಮೀನಳ ಹೊಟ್ಟೆಯಲ್ಲಿ ನೋವೆದ್ದು ಒಯ್ದರು ಎಂಬುದಷ್ಟೆ.

“ಹೊಟ್ಟಿನೋವು ಅಂತ ಬರೀಲಿಕ್ಕ ಬರೂದಿಲ್ಲೇನು?”

“ಕಾಗದದಾಗ ಏನದ ಅದನ್ನ ಬರೀಬೇಕು ಖಾಲಾ. ಮೂರ ಪ್ರತಿ ಆಗ್ಯಾವ, ಸಾಹೇಬ್ರ ಸಹಿ ಆಗ್ಯಾವ.”

“ನನ್ನ ಕೈಯಾಗಿಂದ ಚೀಟಿ ತಗೊಂಡಾಗ, ಇದನ್ನ ಊರ ಮುಂದ ಓದತೇನಿ ಅಂತ ಹೇಳಿದ್ದಿಲ್ಲ ನೀ.”

ಹೌದು, ಹೇಳಿರಲಿಲ್ಲ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ಒಂದು ತಿದ್ದುಪಡಿ ಇತ್ತು. ತಾನೇ ಆಗಿದ್ದರೂ ಹಾಗೆಯೇ ತಿದ್ದುತ್ತಿದ್ದೆ ಎನ್ನಿಸಿ ಪಂಚಶೀಲಾಳ ಕಿವಿ ಬಿಸಿಯಾಯಿತು. ಒಳಗೆ ಹೋಗಿ ಪಿಡಿಒ ಸಾಹೇಬರ ಮೇಜಿನ ಮುಂದೆ ನಿಂತಳು. ಅವರು ಮಂಡ್ಯದ ಕಡೆಯವರು. ಈ ಊರಿಗೆ ಬಂದು ಎರಡು ವರ್ಷವಾದರೂ ಬಿಸಿಲನ್ನು ಇವತ್ತೇ ಮೊದಲು ನೋಡಿದವರಂತೆ ಕರವಸ್ತ್ರ ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡಿದ್ದರು.

“ಸರ್, ಕಾರಣ ಓದೂದು ಬ್ಯಾಡ್ರಿ. ಹೆಸರು, ಬಾಕಿ ಓದಿದ್ರ ಸಾಕ್ರಿ.”

“ಯಾಕಮ್ಮ? ನೀನೇ ಹಾಕಿದ್ದಲ್ವಾ? ಒಳ್ಳೆ ಕಾಲಂ ಅದು. ಇಲ್ಲಾಂದ್ರೆ ಆಡಿಟ್‌ನೋರು ನನ್ನ ಚರ್ಮ ಸುಲೀತಾರೆ. ಯಾರೂ ಕೇಳದೆ ಇದ್ರೆ ಬಿಡು. ಕೇಳಿದ್ರೆ ಓದ್ಲೇಬೇಕು.”

ಕೇಳದೆ ಇರುವುದುಂಟೆ.

ಸಮುದಾಯ ಭವನದಲ್ಲಿ ಜಮಖಾನೆ ಹಾಸಿದ್ದರು. ಗಂಡಸರು ಗೋಡೆಗೊರಗಿ, ಹೆಂಗಸರು ಬಾಗಿಲ ಬದಿಗೆ ಗುಂಪಾಗಿ. ಮಾಳಮ್ಮ ತೊಳೆದ ಸೀರೆಯುಟ್ಟು ಮೂರನೆಯ ಸಾಲಿನಲ್ಲಿ ಕುಳಿತು, ಎಡಗೈಯ ಹೆಬ್ಬೆರಳನ್ನು ಈಗಾಗಲೇ ಕಿರುಬೆರಳ ಮೊದಲ ಗೆಣ್ಣಿನ ಮೇಲಿಟ್ಟುಕೊಂಡಿದ್ದಳು. ಅವಳಿಂದ ನಾಲ್ಕು ಮಂದಿಯಾಚೆ ಗೌಸಿಯಾಬೇಗಂ ಗೋಡೆಯ ಕಡೆ ಮುಖ ಮಾಡಿದ್ದಳು. ತುಳಜಾಬಾಯಿ ವಿಷಯ ಹೇಳಿ ಮುಗಿಸುವ ಮೊದಲೇ ಬಸ್‌ಸ್ಟ್ಯಾಂಡಿನ ಹೋಟೆಲಿನ ಲಾಡ್ಲೆಸಾಬ ಎದ್ದ.

“ಒಂದ ಮಾತ ಕೇಳ್ಲೇನ್ರಿ ಮೇಡಮ್ಮರ? ನನ್ನ ಹೇಣ್ತಿ ಕಿಡ್ನಿ ಕೆಟ್ಟಾಗ ಹೋಟೆಲ್ ಫ್ರಿಜ್ ಮಾರೇನಿ, ಗಾಡಿ ಮಾರೇನಿ. ಒಂದ ರೂಪಾಯಿ ಉಳಸದಂಗ ಕಟ್ಟಿ ಬಂದೇನಿ. ಈಗ ಕಟ್ಟದವ್ರು ಶಾಣ್ಯಾರು, ಕಟ್ಟಿದಾವ ಹುಚ್ಚ, ಹಂಗೇನ್ರಿ?”

“ನೀ ಹುಚ್ಚ ಅನ್ನೂದು ನಿನ್ನ ಚಾ ಕುಡದಾಗೇ ಗೊತ್ತಾಗೇದ ಬಿಡಪಾ,” ಎಂದು ಹಿಂದಿನಿಂದ ಯಾರೋ ಅಂದರು. ಭವನ ನಕ್ಕಿತು. ಲಾಡ್ಲೆಸಾಬ ನಗಲಿಲ್ಲ.

“ಲಾಡ್ಲೆಸಾಬಣ್ಣ,” ತುಳಜಾಬಾಯಿ ಹೇಳಿದಳು, “ನಿನ್ನ ಹೋಟೆಲ್ ಮುಂದ ಪಂಚಾಯ್ತಿ ಸಿಮೆಂಟ್ ರಸ್ತಾ ಹಾಕ್ತು. ನಾ ಆ ಕಡೆ ನಡ್ಯಾಂಗಿಲ್ಲ, ನನ್ನ ರೊಕ್ಕ ಯಾಕ ಹಾಕಿದ್ರಿ ಅಂತ ಯಾರರ ಜಗಳ ತಗದ್ರೇನು?”

“ರಸ್ತಾದಾಗ ಎಲ್ಲಾರೂ ನಡೀತಾರ್ರಿ.”

“ದವಾಖಾನಿಗಿ ಯಾರ ಹೋಗೂದಿಲ್ಲಪಾ? ಇವತ್ತ ಅವರು, ನಾಳಿಗಿ ನಾವು.”

“ಹಂಗಂದ್ರ ದವಾಖಾನಿಯವ್ರೂ ಶಾಣ್ಯಾರಾಗ್ತಾರ್ರಿ. ಪಂಚಾಯ್ತಿ ಕಟ್ತದ ಅಂತ ಗೊತ್ತಾದ್ರ ಬಿಲ್ ಡಬಲ್ ಮಾಡ್ತಾರ. ರೊಕ್ಕ ಹೋಗೂದು ಯಾರ ಕಿಸೆಕ್ಕ? ನಮ್ಮ ಮಂದೀದಕ್ಕಲ್ಲ, ಅವರ ಕಿಸೆಕ್ಕ.” ಅವನು ತಿರುಗಿ ಜನರನ್ನು ನೋಡಿದ. ಈಗ ಯಾರೂ ನಗುತ್ತಿರಲಿಲ್ಲ. “ಆತ್ರಿ, ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಖರೇ ಯಾರಿಗಿ, ಯಾತಕ್ಕ ಅಂತ ಓದ್ರಿ. ಊರ ರೊಕ್ಕ ಅದ. ಮೂಗ ಸೀದಾ ಮಾಡಿಸ್ಕೊಂಡವ್ರಿಗಿ ನಾ ಕೈ ಎತ್ತಂಗಿಲ್ಲ.”

ಅವನ ಮಾತಿನಲ್ಲಿ ತಪ್ಪು ಹುಡುಕಲು ಪಂಚಶೀಲಾಳಿಗೆ ಆಗಲಿಲ್ಲ. ತುಳಜಾಬಾಯಿಯದರಲ್ಲೂ ಆಗಲಿಲ್ಲ. ಎರಡೂ ಕಡೆ ಸಮನಾದ ಸಮೀಕರಣವೊಂದು ತನ್ನ ಮುಂದೆ ಬಿದ್ದಿದೆ, ಬಿಡಿಸಿದರೆ ಸೊನ್ನೆ ಉಳಿಯುತ್ತದೆ ಎನ್ನಿಸಿ, ಬೆನ್ನೊಳಗೆ ಒಂದು ದಣಿವು ಇಳಿಯಿತು. ಪಿಡಿಒ ಸಾಹೇಬರು ತಮ್ಮ ಪ್ರತಿಯನ್ನು ಮುಂದಿಟ್ಟುಕೊಂಡು ಬೆರಳಿಟ್ಟು, “ಓದಮ್ಮ,” ಎಂದರು.

ಓದಿದಳು. ಒಂದು, ಹೃದಯಾಘಾತ. ಎರಡು, ಅಪಘಾತ, ತೊಡೆಯ ಮೂಳೆ. ಮೂರನೆಯದು ಮೂಲವ್ಯಾಧಿ, ಗೋಡೆಯ ಕಡೆಯಿಂದ ಕಿಸಕ್ಕೆಂದು ನಗು ಬಂತು, ಆ ಹೆಸರಿನ ಮನುಷ್ಯ ತಾನೂ ನಕ್ಕು ಆಮೇಲೆ ಜಮಖಾನೆಯ ಎಳೆ ಕೀಳತೊಡಗಿದ. ಒಂಬತ್ತನೆಯದು ಗರ್ಭಕೋಶ ತೆಗೆದದ್ದು. ಹೆಂಗಸರ ಗುಂಪಿನಲ್ಲಿ ಒಂದು ಸೆರಗು ತಲೆಯ ಮೇಲಿಂದ ಹಣೆಗಿಳಿಯಿತು, ಅವಳ ಅತ್ತೆ ಸೊಸೆಯನ್ನಲ್ಲ, ಪಂಚಶೀಲಾಳನ್ನು ನೋಡಿದಳು. ಹನ್ನೆರಡನೆಯದು ಕ್ಷಯ. ಆ ಮನುಷ್ಯನ ಬದಿಗಿದ್ದವನು ಕಾಲು ಜೋಮು ಹಿಡಿದವನಂತೆ ನಟಿಸಿ ಎರಡು ಗೇಣು ಸರಿದು ಕುಳಿತ. ಆ ಎರಡು ಗೇಣು ಜಮಖಾನೆಯ ಮೇಲೆ ಖಾಲಿ ಉಳಿಯಿತು. ಕೆಂಪು, ಕಪ್ಪು ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಇದನ್ನು ತಾನು ಮಾಡಿದೆ. ಒಂದು ಗೆರೆ ಎಳೆದು ಮಾಡಿದೆ. ಪಟ್ಟಿಯಲ್ಲಿ ಓದುವಾಗ ಕ್ಷಯ ಎಂಬುದು ಎರಡಕ್ಷರವಾಗಿತ್ತು. ಹದಿಮೂರು, ಹದಿನಾಲ್ಕು. ತಾಯಿಯ ಹೆಬ್ಬೆರಳು ಉಂಗುರಬೆರಳು ಮುಗಿಸಿ ನಡುಬೆರಳಿಗೆ, ಅಲ್ಲಿಂದ ತೋರುಬೆರಳಿಗೆ ಹತ್ತಿ, ಮತ್ತೆ ಕಿರುಬೆರಳಿಗಿಳಿದಿತ್ತು. ಗೌಸಿಯಾಬೇಗಂಳ ತಲೆ ಗೋಡೆಗೆ ತಾಗಿತ್ತು. ಸೈಕಲ್ ಅಂಗಡಿಯವನು ಬಾಗಿಲ ಬಳಿ ನಿಂತು ಎಲೆಅಡಿಕೆ ಅಗಿಯುತ್ತ, ಬೇರೆಯವರಂತೆ ಅವನೂ ಮುಂದಿನ ಕಾಯಿಲೆಗಾಗಿ ಕಿವಿಗೊಟ್ಟಿದ್ದ. ಹದಿನಾರು ಮುಗಿಯಿತು.

“ಹದಿನೇಳು—”

“ತಡಿ,” ಎಂದು ಮಾಳಮ್ಮ ಎದ್ದು ನಿಂತಳು. “ಹದಿನೇಳು ನಮ್ಮದು. ನಿಂತ ಕೇಳ್ತೇನಿ.”

ಯಾರೋ ನಕ್ಕರು. “ಕುಂತ್ರೂ ಕೇಳಸ್ತದ ಮಾಳವ್ವ.” ಪಿಡಿಒ ಸಾಹೇಬರು ಪ್ರತಿ ನೋಡಿ, “ಹದಿನೇಳು ನಿಮ್ದಲ್ಲಮ್ಮ. ನಿಮ್ಮ ಹೆಸರು ಇದರಲ್ಲಿ ಇಲ್ವಲ್ಲ,” ಎಂದರು.

“ಇಲ್ಲಾ? ಬರದೇನಿ ಅಂದಾಳಲ್ರಿ.” ಮಾಳಮ್ಮ ಮಗಳನ್ನು ನೋಡಿದಳು. ಹೆಬ್ಬೆರಳು ಗೆಣ್ಣಿನ ಮೇಲೇ ಇತ್ತು. “ಯಾಕ ಬರದಿಲ್ಲ?”

“ಹೌದಲ್ಲ, ಹುಲೆಪ್ಪಂದು ಬಾಕಿ ಅದ,” ಲಾಡ್ಲೆಸಾಬ ಹೇಳಿದ. “ಊರಿಗೆಲ್ಲ ನೀರ ಬಿಟ್ಟ ಮನಷಾ. ಎಲ್ಲಾರದೂ ಬರದು ಅವಂದ ಬಿಟ್ಟೀದಿ, ಯಾಕ ತಂಗಿ?”

ನೌಕರರು ಫಲಾನುಭವಿ ಆಗುವಂತಿಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು, ನಾಲಗೆಯ ತುದಿಯಲ್ಲೂ ಇತ್ತು. ಹಾಗೆಂದಿದ್ದರೆ ತಾಯಿ ಕುಳಿತುಬಿಡುತ್ತಿದ್ದಳು. ಆಮೇಲೆ ಹದಿನೇಳು ಓದಬೇಕಾಗುತ್ತಿತ್ತು. ಚೀಲದ ಒಳಪದರಕ್ಕೆ ಕೈ ಹೋಗಿ ಪ್ಲಾಸ್ಟಿಕ್ ಹಾಳೆ ತೆಗೆಯುತ್ತಿದ್ದಾಗ, ಇದು ಧೈರ್ಯವೋ, ಲೆಕ್ಕವೋ, ಅಥವಾ ಮೂರು ವರ್ಷ ಹೊತ್ತದ್ದನ್ನು ಎಲ್ಲಾದರೂ ಇಳಿಸಿದರೆ ಸಾಕೆಂಬ ಬರೀ ದಣಿವೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಬರುವ ಮೊದಲೇ ಓದತೊಡಗಿದ್ದಳು. ಕಾಗದ ಮರಾಠಿಯಲ್ಲಿತ್ತು, ಕನ್ನಡಕ್ಕೆ ತಿರುಗಿಸುತ್ತ ಓದಿದಳು, ಒಂದು ಪದವನ್ನೂ ಬಿಡದೆ.

“ರೋಗಿ, ಹುಲೆಪ್ಪ. ಇನ್ನೂ ಎರಡು ದಿನ ಚಿಕಿತ್ಸೆ ಮುಂದುವರಿಸಬೇಕೆಂದು ವೈದ್ಯರು ತಿಳಿಸಿದ್ದಾರೆ. ಒಯ್ದರೆ ಜೀವಕ್ಕೆ ಅಪಾಯವಿದೆ ಎಂಬುದನ್ನೂ ತಿಳಿಸಲಾಗಿದೆ. ಖರ್ಚು ಭರಿಸಲು ಆಗದ ಕಾರಣ ರೋಗಿಯ ಮಗಳು ತನ್ನ ಜವಾಬ್ದಾರಿಯ ಮೇಲೆ, ವೈದ್ಯರ ಸಲಹೆಗೆ ವಿರುದ್ಧವಾಗಿ, ಮನೆಗೆ ಕರೆದೊಯ್ಯುತ್ತಿದ್ದಾಳೆ. ಸಹಿ, ಪಂಚಶೀಲಾ ಹುಲೆಪ್ಪ.” ಸ್ವಲ್ಪ ತಡೆದು ಸೇರಿಸಿದಳು: “ಡಾಕ್ಟರು ಕೈಬಿಟ್ಟಿದ್ದಿಲ್ಲ. ನಾನ ಅಪ್ಪನ್ನ ಬಿಡಿಸಿಕೊಂಡ ಬಂದೆ. ಅದಕ್ಕ ಬರದಿಲ್ಲ.”

ಹೊರಗೆ ಟಂಟಂ ಆಟೊ ಒಂದು ಹಾರ್ನ್ ಹಾಕುತ್ತ ಹೋಯಿತು. ಮಾಳಮ್ಮ ನಿಂತೇ ಇದ್ದಳು. ಕೇಳಿಸಿಕೊಂಡದ್ದನ್ನು ಎಲ್ಲಿಡಬೇಕೆಂದು ಜಾಗ ಹುಡುಕುವವಳಂತೆ ಜಮಖಾನೆಯನ್ನೂ, ಗೋಡೆಯನ್ನೂ, ಮೇಲೆ ತಿರುಗುವ ಫ್ಯಾನನ್ನೂ ನೋಡಿದಳು. ಆಮೇಲೆ ಬಾಗಿ ಚಪ್ಪಲಿ ಹುಡುಕಿ, ಹೆಂಗಸರು ಕಾಲು ಸರಿಸಿ ಮಾಡಿಕೊಟ್ಟ ದಾರಿಯಲ್ಲಿ ಹೊರಗೆ ಹೋದಳು. ಯಾರೂ ಕರೆಯಲಿಲ್ಲ. ಲಾಡ್ಲೆಸಾಬ ನಿಂತಿದ್ದವನು ಕುಳಿತ.

“ಹದಿನೇಳು,” ಪಂಚಶೀಲಾ ಓದಿದಳು. ಅವಳ ದನಿ ಅವಳಿಗೇ ಬಹಳ ದೂರದಿಂದ ಕೇಳಿಸಿತು. “ಗೌಸಿಯಾಬೇಗಂ. ಮಗಳು ಜಸ್ಮೀನ. ಹೊಟ್ಟೆನೋವು. ಅಪೆಂಡಿಕ್ಸ್ ಆಪರೇಷನ್.”

ಸೈಕಲ್ ಅಂಗಡಿಯವನು ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದ. ತನ್ನ ತಂದೆಯ ಸಾವನ್ನೇ ಈಗ ಊರ ಮುಂದೆ ಬಿಚ್ಚಿಟ್ಟವಳು ಯಾರದೋ ಹೊಟ್ಟೆನೋವಿಗೆ ಏಕೆ ಸುಳ್ಳು ಹೇಳುತ್ತಾಳೆ? ಒಬ್ಬರ ಬೆರಳು ಮಾತ್ರ ಪ್ರತಿಯ ಮೇಲೆ ನಿಂತುಬಿಟ್ಟಿತ್ತು. ಪಿಡಿಒ ಸಾಹೇಬರು ತಲೆಯೆತ್ತಿ ಅವಳನ್ನು ನೋಡಿದರು, ಒದ್ದೆ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು, ಪುಟ ತಿರುವಿದರು. ಹದಿನೆಂಟನೆಯದು ಕಾಗದದಲ್ಲಿ ಬಂಜೆತನದ ಚಿಕಿತ್ಸೆ ಎಂದಿತ್ತು. ಜ್ವರ ಎಂದು ಓದಿದಳು. ಹತ್ತೊಂಬತ್ತು, ಕುಡಿತದಿಂದ ಯಕೃತ್ತು. ಹೊಟ್ಟೆನೋವು ಎಂದು ಓದಿದಳು. ಇಪ್ಪತ್ತು, ಜ್ವರ. ಇಪ್ಪತ್ತೊಂದು, ಜ್ವರ. ಸಭೆ ಒಂದಿಷ್ಟು ಹೊತ್ತಿಗೆ ತಿಳಿದುಕೊಂಡಿತು. ಮುಖಗಳು ಒಂದನ್ನೊಂದು ನೋಡಿ ನೆಲ ನೋಡಿದವು. ಇಪ್ಪತ್ತೈದು ದಾಟುವಾಗ ಕ್ಷಯದವನ ಬದಿಯಲ್ಲಿದ್ದವನು ಮತ್ತೆ ಕಾಲು ಜೋಮು ಹಿಡಿದವನಂತೆ ಒಂದು ಗೇಣು ಮರಳಿ ಅವನತ್ತ ಸರಿದ. ಪೂರ್ತಿ ಸರಿಯಲಿಲ್ಲ. ನಲವತ್ತೊಂದು ಮುಗಿಯುವ ವೇಳೆಗೆ ಊರಿನಲ್ಲಿ ಎರಡೇ ಕಾಯಿಲೆಗಳು ಉಳಿದಿದ್ದವು, ಎರಡೂ ಬಡಪಾಯಿ ಕಾಯಿಲೆಗಳು, ಯಾರಿಗಾದರೂ ಬರಬಹುದಾದವು. ಜೀವಮಾನದಲ್ಲಿ ಬ್ಯೂರೆಟ್ಟಿನ ಒಂದು ಅಳತೆಯನ್ನೂ ತಿದ್ದಿ ಬರೆಯದವಳು ಇಪ್ಪತ್ತೈದು ಸಾಲುಗಳನ್ನು ತಪ್ಪಾಗಿ ಓದಿ ಮುಗಿಸಿದ್ದಳು. ಮನಸ್ಸಿನಲ್ಲಿ ಹೆಮ್ಮೆಯೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಬಾಯಿ ಒಣಗಿತ್ತು.

ಕೈಗಳೆದ್ದವು. ಬಹುಮತ ಎಂದು ತುಳಜಾಬಾಯಿ ಹೇಳಿದಳು. ಪಂಚಾಯಿತಿಗೆ ಇಂಥ ಖರ್ಚು ಮಾಡುವ ಅಧಿಕಾರ ಇದೆಯೋ ಇಲ್ಲವೋ ಮೇಲಿನವರನ್ನು ಕೇಳಬೇಕು, ಠರಾವು ತಾಲೂಕಿಗೆ ಹೋ‌ಗಿ ಅಲ್ಲಿಂದ ಜಿಲ್ಲೆಗೆ ಹೋಗಬೇಕು, ಎರಡು ತಿಂಗಳಾಗಬಹುದು, ಆರೂ ಆಗಬಹುದು ಎಂದು ಪಿಡಿಒ ಸಾಹೇಬರು ಹೇಳಿದರು. ನೋಟಿಸ್ ಬೋರ್ಡಿಗೆ ಹೆಸರು, ಬಾಕಿ ಇಷ್ಟೇ ಇರುವ ಪ್ರತಿ ಹಚ್ಚು ಎಂದು ಅವಳಿಗೆ ತಗ್ಗಿದ ದನಿಯಲ್ಲಿ ಹೇಳಿ, “ನಿಮ್ಮದು ಬರಲ್ಲಮ್ಮ, ಗುತ್ತಿಗೆ ಆದ್ರೂ ನೌಕರಿಲಿರೋಳೇ ನೀನು,” ಎಂದು ಸೇರಿಸಿದರು. ಗೊತ್ತು ಎಂದಳು. ಜನ ಏಳುವಾಗ ಗೌಸಿಯಾಬೇಗಂ ಅವಳ ಹತ್ತಿರ ಬರಲಿಲ್ಲ. ದೂರದಿಂದಲೇ ಒಮ್ಮೆ ನೋಡಿ, ಮುಖಪರದೆ ಇಳಿಸಿಕೊಂಡು ಹೋದಳು. ಹತ್ತಿರ ಬಂದದ್ದು ಲಾಡ್ಲೆಸಾಬ.

“ತಂಗಿ, ಕಟ್ಟಿದವ್ರದೂ ಒಂದ ಪಟ್ಟಿ ಮಾಡ್ತೀಯೇನ? ರೊಕ್ಕ ಬ್ಯಾಡ.” ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮತ್ತೆ ಹಾಕಿಕೊಂಡ. “ಸುಮ್ಮ ಓದು ಒಂದಿನ. ಫ್ರಿಜ್ ಮಾರೇನಿ, ಗಾಡಿ ಮಾರೇನಿ ಅಂತ. ಅಕಿ ಬದುಕಲಿಲ್ಲ, ಅದನ್ನೂ ಓದು.”

ಅವಳು ಹೂಂ ಎಂದಳು. ಅವನ ಹೆಂಡತಿ ತೀರಿಕೊಂಡದ್ದು ತನಗೆ ಗೊತ್ತಿತ್ತು; ಆದರೆ ಅವನ ವಾದ ಕೇಳುವಾಗ ಅದು ನೆನಪಿಗೇ ಬಂದಿರಲಿಲ್ಲ.

ಮನೆಗೆ ಹೋಗುವ ಹೊತ್ತಿಗೆ ಬಿಸಿಲು ಇಳಿದಿರಲಿಲ್ಲ. ಮಾಳಮ್ಮ ತೊಗರಿಯ ಬೇಳೆಯನ್ನು ಮೊರದಲ್ಲಿ ಹರವಿಕೊಂಡು ಹರಳು ಆರಿಸುತ್ತಿದ್ದಳು. ಪಂಚಶೀಲಾ ಹೊಸ್ತಿಲೊಳಗೆ ಗೋಡೆಗೊರಗಿ ಕುಳಿತಳು. ಬೈಗುಳಕ್ಕೆ ಮೈ ಸಿದ್ಧವಾಗಿತ್ತು. ಏನು ಕೇಳಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕ್ರಮವಾಗಿ ಜೋಡಿಸಿಕೊಂಡಿದ್ದಳು: ದಿನಕ್ಕೆ ಎಷ್ಟು, ಕೈಯಲ್ಲಿ ಎಷ್ಟು, ಡಾಕ್ಟರು ಖಚಿತವಾಗಿ ಏನನ್ನೂ ಹೇಳಿರಲಿಲ್ಲ ಎಂಬುದು, ನಿನ್ನ ಫೋನ್ ಹತ್ತಿರಲಿಲ್ಲ ಎಂಬುದು. ಹರಳುಗಳು ಒಂದೊಂದಾಗಿ ಪರ್ಸಿಯ ಮೇಲೆ ಬಿದ್ದವು.

“ಸಹಿ ಮಾಡುವಾಗ ಅವಗ ಎಚ್ಚರ ಇತ್ತೇನ?”

ಜೋಡಿಸಿಕೊಂಡದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ.

“ಇತ್ತು.”

“ಮತ್ತ ಏನಂದ?”

“ಮುಂಜಾನಿ ಆಕ್ಸಿಜನ್ ತಗದಿದ್ರು, ಸ್ವಲ್ಪ ಹೊತ್ತು. ಎದ್ದು ಕುಂತಿದ್ದ. ನರ್ಸ್ ಬಂದು ಸೂಜಿ ಕಿತ್ತಳು. ರೊಕ್ಕ ಸಾಲದ್ದಕ್ಕ ಬಿಡಾಕತ್ತಾರ ಅಂತ ತಿಳೀಲಿಲ್ಲ ಅವಗ. ಆರಾಮ ಆಗೇದ, ಅದಕ್ಕ ಬಿಟ್ರು, ನೀ ಮನ್ಯಾಗ ಇದ್ದಿ ಅಂತ ತಿಳಕೊಂಡ. ಬಾಜೂ ಪಲಂಗದವನ ಬಾಚಣಿಕಿ ಇಸಕೊಂಡು, ನೀರ ಹಚ್ಚಿ ತಲಿ ಬಾಚಿಕೊಂಡ. ಮನಿಗಿ ಹೊಂಟೀವಿ ಅಂತ ನಿಮ್ಮವ್ವಗ ಹೇಳಬ್ಯಾಡ ಅಂದ. ನಾನ ಹೋಗಿ ಬಾಗಲ ಬಡೀತೇನಿ, ಅಕಿ ಮಾರಿ ನೋಡೂಣ ಅಂದ.”

ಮೊರ ನಿಂತಿತು. ಹೊರಗೆ ಯಾರದೋ ಮನೆಯ ನಳದಲ್ಲಿ ನೀರು ಬಂದ ಸದ್ದು, ಕೊಡಗಳ ಸದ್ದು, ಸರದಿಗಾಗಿ ಜಗಳ. ಮಾಳಮ್ಮ ಬೇಳೆಯ ಮೇಲೆ ಅಂಗೈ ಊರಿ ಹಾಗೇ ಕುಳಿತಿದ್ದಳು.

“ಬಾಗಲ ಬಡೀತೇನಿ ಅಂದ?”

“ಹೂಂ.”

“ಮೂರ ವರ್ಷ ಇದನ್ನ ನೀ ಒಬ್ಬಾಕಿನೇ ಇಟ್ಟಕೊಂಡಿದ್ದೇನ ಬೇ?”

ಪಂಚಶೀಲಾ ಸಹಿಯನ್ನು ಬಚ್ಚಿಟ್ಟಾಗ ಆ ಮಾತೂ ಅದರ ಜೊತೆ ಒಳಗೆ ಹೋಗಿತ್ತು. ಅದು ತಾಯಿಗೆ ಸೇರಿದ್ದು, ತಲುಪಿಸಬೇಕಾದದ್ದು ಎಂದು ಒಮ್ಮೆಯೂ ತೋಚಿರಲಿಲ್ಲ.

“ಸಹಿ ಮಾತು ಆಮ್ಯಾಲ,” ಮಾಳಮ್ಮ ಹೇಳಿದಳು. ದನಿ ಗಡುಸಾಗಿತ್ತು, ಕಣ್ಣು ಮೊರದ ಮೇಲೇ ಇತ್ತು. “ಅದಕ್ಕ ನಿನ್ನ ಬೈಬೇಕು ನಾ. ಬೈತೇನಿ. ಬಿಡಂಗಿಲ್ಲ.” ಮೊರವನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿಕೊಂಡಳು. “ಈಗ ಇನ್ನೊಮ್ಮಿ ಹೇಳು. ಬಾಚಣಿಕಿ ಇಸಕೊಂಡಿದ್ದರಿಂದ ಹೇಳು.”

ಬಾಚಣಿಕೆ ಹಸಿರು ಬಣ್ಣದ್ದು, ತುದಿಯ ಕಡೆ ಎರಡು ಹಲ್ಲು ಮುರಿದಿದ್ದವು ಎಂಬಲ್ಲಿಂದ ಪಂಚಶೀಲಾ ಶುರುಮಾಡಿದಳು.